ಏಣಿ ಎತ್ತರ, ಹೊಲ ದೂರ

ಬೆಂಗಳೂರಿನ ಅಗ್ನಿಶಾಮಕ ಗಾಡಿಗಳ ಫೋಟೋ ತೆಗೆಯೋ ಹುಚ್ಚು ನನಗೂ ಇದೆ. 2010ರಲ್ಲಿ ಕಾರ್ಲ್‌ಟನ್ ಟವರ್ಸ್ ಬೆಂಕಿಗೆ 9 ಜನ ಬಲಿಯಾದರು. 2023ರಲ್ಲಿ ಫಿನ್‌ಲೆಂಡಿನ 90 ಮೀಟರ್ ಏಣಿಗಾಡಿ ಬಂತು. ಬರಲೇಬೇಕಿತ್ತು, ತಕರಾರಿಲ್ಲ.

ನನ್ನ ತಕರಾರು ನಮ್ಮ ಕ್ಯಾಮೆರಾಗಳ ಮೇಲೆ. ಆ ಏಣಿಯನ್ನು ಎಲ್ಲ ದಿಕ್ಕಿನಿಂದ ಕ್ಲಿಕ್ಕಿಸಿದ ನಾವು ಜಮಖಂಡಿ, ಮುಧೋಳ, ಬೀಳಗಿ ಕಡೆಯ ನೀರಿನ ಗಾಡಿಯ ಒಂದಾದರೂ ಫೋಟೋ ಹಾಕಿದ್ದೀವಾ?

ನಮ್ಮಲ್ಲಿ ಬೆಂಕಿ ಇಪ್ಪತ್ತನೇ ಮಹಡಿಗೆ ಹತ್ತೋದಿಲ್ಲ ಸ್ವಾಮಿ. ಜೋತುಬಿದ್ದ ಕರೆಂಟ್ ತಂತಿಯ ಕಿಡಿಯಿಂದ ಕಬ್ಬಿಗೆ ಹತ್ತುತ್ತೆ. ರಬಕವಿ-ಬನಹಟ್ಟಿಯ ಓಣಿಯಲ್ಲಾದರೆ ನೂಲು ತುಂಬಿದ ಮಗ್ಗದ ಮನೆಗೆ. ಹೋದ ವರ್ಷ ನಮ್ಮ ಕಾಕಾನ ಕಬ್ಬು ಸುಟ್ಟಿತು. ಗಾಡಿ ಬಂತು, ಆದರೆ ಹೊಲದ ದಾರಿಯ ತಿರುವಿನಲ್ಲೇ ನಿಂತುಬಿಡ್ತು. ಗಾಡಿ ದೊಡ್ಡದು, ದಾರಿ ಸಣ್ಣದು. ಒಣ ರವದಿ ಯಾರಿಗೂ ಕಾಯೋದಿಲ್ಲ. ಎರಡು ಎಕರೆ ಕರಕಲು.

ಏಣಿಯ ಫೋಟೋ ತೋರಿಸಿದೆ. ಕಾಕಾ ಅಂದ: “ಎಷ್ಟು ಎತ್ತರ ಏರತೈತಿ ಅಂತ ಹೇಳಬ್ಯಾಡ ತಮ್ಮಾ, ನಮ್ಮ ಹೊಲಕ್ಕ ಬರತೈತೇನ ಹೇಳು.”

ಹೊಲದ ದಾರಿಗೆ ಹೊಂದುವ ಸಣ್ಣ ಗಾಡಿ ಬೇಕು ಅಂತ ಕೇಳೋಕೆ ಪುರಾವೆ ಬೇಕಲ್ಲ? ಊರಿಗೆ ಹೋದಾಗ ಗಾಡಿಯ ಜೊತೆ ಅದು ಸಿಕ್ಕಿಬೀಳುವ ತಿರುವನ್ನೂ ತೆಗೆದು ಹಾಕಿ. ನಾನಂತೂ ಈ ಸಲ ಶುರು ಮಾಡ್ತೀನಿ. ನೀವು?