ನಲವತ್ತು ವರ್ಷದ ಮೊಕ್ಕಾಂ

ಹೋದ ಪೊಂಗಲ್ ಹಬ್ಬಕ್ಕೆ ಮುಂಚೆ ತೇವಾರಂನ ನಮ್ಮ ಮನೆಗೆ ಸುಣ್ಣಬಣ್ಣ ಮಾಡಲು ಒಬ್ಬ ಹುಡುಗ ಬಂದಿದ್ದ. ಮೂವತ್ತರ ಆಸುಪಾಸಿನ ವಯಸ್ಸು. ಜಗಲಿಯ ಮೇಲೆ ಕೂತಿದ್ದ ನಮ್ಮವ್ವ ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದಳು: ಯಾವ ಊರಪ್ಪ ನಿಂದು? ಅವನು ಊರಿನ ಹೆಸರು ಹೇಳಲಿಲ್ಲ. "ಮುಗಾಂ ಅಮ್ಮಾ" ಅಂದ. ಹುಟ್ಟಿದ್ದೆಲ್ಲಿ ಅಂದರೆ, "ಅಲ್ಲೇ" ಅಂದ.

ಮೂರನೆಯ ದಿನ ಹತ್ತು ಗಂಟೆಗೆ ಬ್ರಷ್ಷನ್ನು ನೀರಿನ ಡಬ್ಬಿಯಲ್ಲಿ ನಿಲ್ಲಿಸಿ, ಗೋಡೆ ಅರ್ಧಕ್ಕೇ ಬಿಟ್ಟು ಹೊರಟ. "ಇವತ್ತು ಚೆಕಿಂಗ್ ಅಣ್ಣಾ. ನಾನಿಲ್ಲದಿದ್ದರೆ ದುಡ್ಡು ನಿಲ್ಲಿಸ್ತಾರೆ." ರೆವಿನ್ಯೂ ಅಧಿಕಾರಿ ಪಟ್ಟಿ ಹಿಡಿದು ಕೂರುತ್ತಾನೆ, ಇವನು ಎದುರಿಗೆ ನಿಂತು ಮುಖ ತೋರಿಸಬೇಕು. ಯಾವ ಅಪರಾಧವನ್ನೂ ಮಾಡದವನು ಹುಟ್ಟಿದಂದಿನಿಂದ ಹಾಜರಿ ಹಾಕುತ್ತಿದ್ದಾನೆ.

ಮುಗಾಂ ಅಂದರೆ ಶ್ರೀಲಂಕಾದಿಂದ ಓಡಿಬಂದ ತಮಿಳರ ಶಿಬಿರ. ತಮಿಳಿನ ಈ ಮಾತು ನಮ್ಮ ಕನ್ನಡದಲ್ಲಿ ಮೊಕ್ಕಾಂ. ಅಮಲ್ದಾರರು ಸರ್ಕೀಟು ಬಂದಾಗ ಬಂಗಲೆಯಲ್ಲಿ ಒಂದೆರಡು ರಾತ್ರಿ ಉಳಿಯುತ್ತಿದ್ದರಲ್ಲ, ಅದು ಮೊಕ್ಕಾಂ. ಬೆಳಗಾದರೆ ಹಾಸಿಗೆ ಸುತ್ತಿ ಹೊರಡುವ ಜಾಗ. ಅಂಥ ಜಾಗದಲ್ಲಿ ಒಬ್ಬ ಮನುಷ್ಯ ಹುಟ್ಟಿ, ಓದಿ, ಮದುವೆಯಾಗಿ, ಅವನ ಮಗುವೂ ಅಲ್ಲೇ ಹುಟ್ಟಿದೆ ಅಂದರೆ, ಇದಕ್ಕೆ ಆಶ್ರಯ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ತಮಿಳುನಾಡಿನ ಕಂಬಂ ಕಣಿವೆಯ ಕಪ್ಪಿಲಿಯ ಒಕ್ಕಲಿಗ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಹಿರಿಯರು ಇಲ್ಲಿಗೆ ಬಂದದ್ದು ಹೇಗೆಂದು ಪ್ರತಿ ಮನೆಯ ಅಜ್ಜಿಗೂ ಗೊತ್ತು. ದೊರೆಯ ದಬ್ಬಾಳಿಕೆ ತಾಳಲಾರದೆ, ಹೆಣ್ಣುಮಕ್ಕಳ ಮಾನ ಉಳಿಸಿಕೊಳ್ಳಲು ರಾತ್ರೋರಾತ್ರಿ ಓಡಿದರಂತೆ. ಹೊಳೆ ತುಂಬಿ ಹರಿಯುತ್ತಿತ್ತಂತೆ. ದಡದ ಹೊಂಗೆಮರ ಬಾಗಿ ಸೇತುವೆಯಾಯಿತಂತೆ. ಕತೆಯೋ ನಿಜವೋ, ಓಡಿಬಂದವರು ಅನ್ನುವುದನ್ನು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ಕಣಿವೆ ನಮಗೆ ಹೊಲ ಕೊಟ್ಟಿತು, ನೀರು ಕೊಟ್ಟಿತು, ನಮ್ಮ ನುಡಿಯನ್ನು ನಮಗೇ ಬಿಟ್ಟಿತು. ಕಂಬಂನಲ್ಲಿ ನಮ್ಮ ದೇವರ ದನಗಳಿಗೂ ದೊಡ್ಡಿಯಿದೆ, ಪೂಜೆಯಿದೆ. ಹಿಂಡಿನ ಮುಂದೆ ಕಬ್ಬು ಇಟ್ಟು, ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯಿದೆ. ದನಕ್ಕೆ ಪಟ್ಟ ಕಟ್ಟಿದ ಕಣಿವೆಯಲ್ಲಿ ಮುಗಾಂನ ಮನುಷ್ಯನಿಗೆ ನೆಲದ ಪಟ್ಟಾ ಇಲ್ಲ.

1983ರ ಜುಲೈನಲ್ಲಿ ಕೊಲಂಬೊ ಹೊತ್ತಿ ಉರಿದ ಮೇಲೆ ದೋಣಿ ಹತ್ತಿ ರಾಮೇಶ್ವರದ ಕಡೆಗೆ ಬಂದವರು ಈ ಮುಗಾಂಗಳ ಜನ. ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಇಂದಿಗೂ ಸುಮಾರು 58,000 ಜನರಿದ್ದಾರೆ. ಅವರಲ್ಲಿ ಸಾವಿರಾರು ಮಂದಿ ಮಲೆಯಗ ತಮಿಳರು. ಬ್ರಿಟಿಷರು ಕಾಫಿ, ಟೀ ತೋಟಗಳಿಗೆ ಇದೇ ಮಧುರೆ, ತಿರುಚ್ಚಿ ಸೀಮೆಗಳಿಂದ ಸಾಗಿಸಿದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. 1948ರಲ್ಲಿ ಸಿಲೋನು ಅವರ ಪೌರತ್ವ ಕಿತ್ತುಕೊಂಡಿತು. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೊ ಕೂತು ಲೆಕ್ಕ ಹಾಕಿದರು: ಭಾರತಕ್ಕೆ 5,25,000, ಸಿಲೋನಿಗೆ 3,00,000, ಉಳಿದ 1,50,000 ಮುಂದೆ ನೋಡೋಣ. ಸಂತೆಯಲ್ಲಿ ಕುರಿ ಹಂಚಿಕೊಳ್ಳುವವರೂ ಒಮ್ಮೆ ಕುರಿಯ ಮೈ ಮುಟ್ಟಿ ನೋಡುತ್ತಾರೆ.

ಆ ಒಪ್ಪಂದದಲ್ಲಿ ಹಡಗು ಹತ್ತಿ ಬಂದವರು ಇಂದು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಭಾರತದ ಪೌರರಾಗಿ ದುಡಿಯುತ್ತಿದ್ದಾರೆ. ಅದೇ ಟೀ ತೋಟದ ಅದೇ ಲೈನು ಮನೆಗಳವರು ಮನೆ ಸುಟ್ಟುಹೋಗಿ ದೋಣಿಯಲ್ಲಿ ಬಂದರೆ ಅಕ್ರಮ ವಲಸಿಗರು. ಹಡಗಿನಲ್ಲಿ ಬಂದರೆ ಪೌರ, ದೋಣಿಯಲ್ಲಿ ಬಂದರೆ ಕಳ್ಳ! ಇದು ಯಾವ ಸೀಮೆಯ ನ್ಯಾಯ?

ಮಂಡಪಂ ಶಿಬಿರದಲ್ಲಿ 1986ರಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳಿದ್ದಾಳೆ. 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ನಮ್ಮ ಕಾನೂನೇ ಹೇಳುತ್ತದೆ. ಆದರೂ ಒಂದು ಪಾಸ್‌ಪೋರ್ಟಿಗಾಗಿ ಅವಳು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2022ರಲ್ಲಿ ಕೋರ್ಟು ಅವಳ ಕಡೆ ನಿಂತಿತು. 2024ರ ಏಪ್ರಿಲ್‌ನಲ್ಲಿ, 38ರ ಹತ್ತಿರದ ವಯಸ್ಸಿನಲ್ಲಿ, ಅವಳು ಮೊದಲ ವೋಟು ಹಾಕಿದಳು. ನಮ್ಮ ಮನೆಗೆ ಬಣ್ಣ ಬಳಿದ ಹುಡುಗನಿಗೆ ಆ ದಾರಿಯೂ ಇಲ್ಲ. ಅವನು ಆ ತಾರೀಕಿನ ನಂತರ ಹುಟ್ಟಿದವನು.

2019ರಲ್ಲಿ ಪೌರತ್ವ ತಿದ್ದುಪಡಿ ಬಂತು. ಪಾಕಿಸ್ತಾನ, ಆಫ್ಘಾನಿಸ್ತಾನ, ಬಾಂಗ್ಲಾದೇಶದ ಹೆಸರಿದೆ, ಶ್ರೀಲಂಕಾದ ಹೆಸರಿಲ್ಲ. ಧರ್ಮ ನೋಡಿ ಕರುಣೆ ಅಳೆಯುವುದೇ ಅನ್ಯಾಯ. ಇಲ್ಲಿನ ಶಿಬಿರಗಳ ಹಿಂದೂಗಳೂ ಕ್ರೈಸ್ತರೂ ಆ ಅನ್ಯಾಯದ ಅಳತೆಗೂ ಸಿಗಲಿಲ್ಲ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಇಂದಿಗೂ ಸಹಿ ಹಾಕಿಲ್ಲ. ಸಹಿ ಹಾಕಿದವರೂ ಸಾಚಾ ಅಲ್ಲ. ಬ್ರಿಟನ್ ಆಶ್ರಯ ಕೇಳಿದವರನ್ನು ರುವಾಂಡಕ್ಕೆ ಸಾಗಹಾಕಲು ಕಾನೂನನ್ನೇ ಮಾಡಿತು. ಆಸ್ಟ್ರೇಲಿಯಾ ನೌರು ದ್ವೀಪದಲ್ಲಿ ಕೂಡಿಹಾಕಿತು. 2025ರ ಮೇ ತಿಂಗಳಲ್ಲಿ ಒಬ್ಬ ಶ್ರೀಲಂಕಾ ತಮಿಳನ ಅರ್ಜಿ ಸುಪ್ರೀಂ ಕೋರ್ಟಿಗೆ ಬಂದಾಗ, ಈ ದೇಶ ಧರ್ಮಶಾಲೆಯಲ್ಲ ಎಂಬ ಮಾತು ಪೀಠದಿಂದಲೇ ಬಂತು. ಧರ್ಮಶಾಲೆ ಕೇಳಿದವರು ಯಾರು? ಧರ್ಮಶಾಲೆಯಲ್ಲಿ ಉಂಡವನ ಹಾಜರಿ ತೆಗೆಯುವುದಿಲ್ಲ. ಅಲ್ಲಿ ಹುಟ್ಟಿದ ಮಗುವನ್ನು ಪರದೇಶಿ ಅನ್ನುವುದಿಲ್ಲ.

ಒಳ್ಳೆಯದು ಆದಾಗ ಆಯಿತು ಅನ್ನಬೇಕು. 2021ರಲ್ಲಿ ತಮಿಳುನಾಡು ಸರ್ಕಾರ ಕುಟುಂಬದ ಯಜಮಾನನಿಗೆ ಕೊಡುವ ತಿಂಗಳ ಹಣವನ್ನು 1,000 ರೂಪಾಯಿಯಿಂದ 1,500ಕ್ಕೆ ಏರಿಸಿತು. ದಿಂಡಿಗಲ್ ಪಕ್ಕದ ತೋಟ್ಟನೂತ್ತಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ 321 ಹೊಸ ಮನೆಗಳಾದವು. ಹತ್ತಡಿ ಗೂಡುಗಳಲ್ಲಿ ಮಗ, ಸೊಸೆ, ಅತ್ತೆ, ಮಾವ ಒಟ್ಟಿಗೆ ಮಲಗಿದವರಿಗೆ ಒಂದು ಬಾಗಿಲು ಹಾಕಿಕೊಳ್ಳುವ ಕೋಣೆ ಎಂಥ ದೊಡ್ಡದೆಂದು ನನಗೆ ಗೊತ್ತು. ನಿರಾಶ್ರಿತರ ಶಿಬಿರ ಅನ್ನುವ ಬೋರ್ಡು ಅಳಿಸಿ ಪುನರ್ವಸತಿ ಶಿಬಿರ ಎಂದು ಬರೆದರು. ಆದರೂ ಅದು ಮುಗಾಮೇ. ಆ ಹುಡುಗ ಡಿಗ್ರಿ ಓದಿದ್ದಾನೆ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ. ಅದಕ್ಕೇ ಬ್ರಷ್ಷು ಹಿಡಿದ.

ಇವರಿಗೆ ನೆಲೆ ಕೊಡುವುದು ಆಗದ ಕೆಲಸವೇನೂ ಅಲ್ಲ. ಅರವತ್ತರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಮೈಸೂರು ರಾಜ್ಯ ಸುಮಾರು 3,000 ಎಕರೆ ನೆಲ ಕೊಟ್ಟಿತು. ಆ ಜನರ ನುಡಿ ನಮ್ಮದಲ್ಲ, ಊಟ ನಮ್ಮದಲ್ಲ. ಆದರೂ ಉಳಲು ನೆಲ ಸಿಕ್ಕಿತು. ಇಲ್ಲಿರುವವರು ಈ ಕಣಿವೆಯ ನುಡಿಯನ್ನೇ ಆಡುವವರು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಇವರಿಗೆ ಕೊಟ್ಟದ್ದು ವಿದೇಶಿಯರ ಕಾನೂನಿನ ಶಿಕ್ಷೆಯಿಂದ ವಿನಾಯಿತಿ. ಜೈಲಿಗೆ ಹಾಕುವುದಿಲ್ಲ ಅನ್ನುವುದು ಹಕ್ಕಲ್ಲ.

ಅವತ್ತು ಮಧ್ಯಾಹ್ನ ಮೂರಕ್ಕೆ ಆ ಹುಡುಗ ವಾಪಸು ಬಂದ. ಒಣಗಿದ ಅರ್ಧ ಗೋಡೆಗೂ ಹೊಸ ಅರ್ಧಕ್ಕೂ ನಡುವೆ ಗೀಟು ಕಾಣದಂತೆ ಮತ್ತೊಂದು ಸುತ್ತು ಬಳಿದ. ಆ ಹೆಚ್ಚಿನ ಸುತ್ತಿಗೆ ದುಡ್ಡು ಕೇಳಲಿಲ್ಲ.

ತೇವಾರಂನ, ಬೋಡಿಯ, ಕಂಬಂನ ನನ್ನ ಕನ್ನಡದ ಜನರೇ, ಇನ್ನು ಮುಂದೆ ಮಕ್ಕಳಿಗೆ ಹೊಂಗೆಮರದ ಕತೆ ಹೇಳುವಾಗ ಮುಗಾಂನವರ ಕತೆಯನ್ನೂ ಸೇರಿಸಿ ಹೇಳಿ. ಇಲ್ಲದಿದ್ದರೆ ಆ ಕತೆ ಹೇಳುವ ಹಕ್ಕು ನಮಗಿಲ್ಲ. ಮುಂದಿನ ಸಲ ವೋಟು ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದವರನ್ನು ಹೊಸಿಲ ಮೇಲೆ ನಿಲ್ಲಿಸಿ ಒಂದೇ ಮಾತು ಕೇಳಿ: ಮುಗಾಮಿನಲ್ಲಿ ಹುಟ್ಟಿದವರಿಗೆ ವೋಟು ಯಾವಾಗ?