ಕಠಿಣ ಕಾನೂನು ಯಾರ ಮೇಲೆ ಬೀಳುತ್ತದೆ?

2019ರ ಡಿಸೆಂಬರ್ 6ರ ನಸುಕಿನಲ್ಲಿ ಹೈದರಾಬಾದಿನ ಹೊರವಲಯದ ಸೇತುವೆಯೊಂದರ ಬಳಿ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯ ಪ್ರಕರಣ ಅದು. ಸುದ್ದಿ ಹಬ್ಬುತ್ತಿದ್ದಂತೆ ಜನ ಅಲ್ಲಿಗೆ ಬಂದು ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ 2022ರಲ್ಲಿ ಬೇರೆಯದನ್ನೇ ಹೇಳಿತು: ಪೊಲೀಸರ ವಿವರಣೆ ನಂಬಲರ್ಹವಲ್ಲ, ಕೊಲ್ಲಬೇಕೆಂದೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರು.

ಎಸಳು ಸುರಿದವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಪ್ರಕರಣದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಆ ಹೆಣ್ಣುಮಗಳು ಕಾಣೆಯಾದ ರಾತ್ರಿ ದೂರು ದಾಖಲಿಸಲು ತಡಮಾಡಿದ್ದಕ್ಕೆ ಮೂವರು ಪೊಲೀಸರು ಅಮಾನತಾಗಿದ್ದರು. ಅಷ್ಟು ಹೊತ್ತಿನಲ್ಲಿ, ಅಂಥ ದೂರು ಬಂದಾಗ ಠಾಣೆ ಏನು ಮಾಡಬೇಕಿತ್ತು ಎಂಬ ಪ್ರಶ್ನೆ ಗುಂಡಿನ ಸದ್ದಿನಲ್ಲಿ ಮುಳುಗಿತು. ಕಠಿಣ ಕ್ರಮದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೇ. ಅಪರಾಧ ತಡೆಯಲು ಸರ್ಕಾರ ಮಾಡಬೇಕಾದ ಕೆಲಸವನ್ನು ಅದು ಮರೆಗೆ ಸರಿಸುತ್ತದೆ. ಶಾಸನದಲ್ಲಿ ‘ಹತ್ತು ವರ್ಷ’ ಇದ್ದದ್ದನ್ನು ‘ಇಪ್ಪತ್ತು ವರ್ಷ’ ಮಾಡಲು ಖಜಾನೆಯಿಂದ ಬಿಡಿಗಾಸೂ ಖರ್ಚಾಗುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯ ಕಟ್ಟಲು, ತನಿಖಾಧಿಕಾರಿಗಳನ್ನು ತಯಾರು ಮಾಡಲು, ನ್ಯಾಯಾಧೀಶರ ಹುದ್ದೆ ತುಂಬಲು ಹಣ ಬೇಕು, ವರ್ಷಗಳು ಬೇಕು.

ಶಿಕ್ಷೆ ಎಷ್ಟು ಘೋರ ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಮನುಷ್ಯನನ್ನು ತಡೆಯುತ್ತದೆ ಎಂದು ಇಟಲಿಯ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ಅವನ ಕಾಲದ ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಕಳ್ಳತನಕ್ಕೂ ನೇಣು ಇತ್ತು. ಮನೆಯೊಳಗಿಂದ ನಲವತ್ತು ಶಿಲ್ಲಿಂಗ್ ಬೆಲೆಯ ಮಾಲು ಕದ್ದರೆ ಮರಣದಂಡನೆ. ಹಾಗಾಗಿ ಎಷ್ಟೋ ಪ್ರಕರಣಗಳಲ್ಲಿ ಜ್ಯೂರಿಗಳು ಮಾಲಿನ ಬೆಲೆಯನ್ನು ಬೇಕೆಂದೇ ಮೂವತ್ತೊಂಬತ್ತು ಶಿಲ್ಲಿಂಗ್ ಎಂದು ಬರೆದುಕೊಟ್ಟವು. ಶಿಕ್ಷೆ ಅತಿಯಾದಾಗ ಶಿಕ್ಷೆ ಕೊಡುವ ಕೈಯೇ ಹಿಂಜರಿಯುತ್ತದೆ. ಅಪರಾಧಿ ಪಾರಾಗುವ ಸಂಭವ ಹೆಚ್ಚುತ್ತದೆ.

ನಮ್ಮಲ್ಲಿ ಈ ಅಪಾಯ ಮಕ್ಕಳ ವಿಷಯದಲ್ಲಿ ತೀರಾ ಹತ್ತಿರದ್ದು. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ನೇಮಕಗೊಂಡ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಅತ್ಯಾಚಾರಕ್ಕೆ ಮರಣದಂಡನೆ ಬೇಡವೆಂದು ಸ್ಪಷ್ಟವಾಗಿ ಹೇಳಿತು. ಪೊಲೀಸ್ ಸುಧಾರಣೆ, ದೂರು ದಾಖಲಿಸದ ಅಧಿಕಾರಿಯ ಹೊಣೆ, ಸಂತ್ರಸ್ತೆಯನ್ನು ಘನತೆಯಿಂದ ನಡೆಸಿಕೊಳ್ಳುವ ವೈದ್ಯಕೀಯ ಪರೀಕ್ಷೆ ಇವೆಲ್ಲ ಆ ವರದಿಯಲ್ಲಿದ್ದವು. ಮರಣದಂಡನೆಯ ವಿಷಯದಲ್ಲಿ ಸರ್ಕಾರ ಸಮಿತಿಯ ಮಾತು ಕೇಳಲಿಲ್ಲ. 2018ರಲ್ಲಿ ಹನ್ನೆರಡರೊಳಗಿನ ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರಕ್ಕೂ ಗಲ್ಲು ಬಂತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಂಕಿಅಂಶಗಳಲ್ಲಿ ವರ್ಷದಿಂದ ವರ್ಷಕ್ಕೆ ಕಾಣುವುದೆಂದರೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತ: ಮನೆಯವನು, ನೆಂಟ, ನೆರೆಯವನು, ಮದುವೆಯಾಗುತ್ತೇನೆಂದು ನಂಬಿಸಿದವನು. ಬಾಯಿಬಿಟ್ಟರೆ ಚಿಕ್ಕಪ್ಪನಿಗೆ ಗಲ್ಲಾಗುತ್ತದೆ ಎಂದು ಅಜ್ಜಿ ಅತ್ತರೆ ಎಂಟು ವರ್ಷದ ಮಗು ಏನು ಮಾಡಬೇಕು? ಅತ್ಯಾಚಾರಕ್ಕೂ ಕೊಲೆಗೂ ಒಂದೇ ಶಿಕ್ಷೆ ಎಂದಾದರೆ, ಇರುವ ಒಬ್ಬಳೇ ಸಾಕ್ಷಿಯನ್ನು ಜೀವಂತ ಬಿಡಲು ದುಷ್ಟನಿಗೆ ಯಾವ ಕಾರಣ ಉಳಿಯಿತು? ಇತ್ತ ವಿಚಾರಣೆ ಮುಗಿದ ಅತ್ಯಾಚಾರ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣ 2022ರಲ್ಲೂ ಮೂರರಲ್ಲಿ ಒಂದಕ್ಕಿಂತ ಕಡಿಮೆ ಇತ್ತು.

ಕಾನೂನು ಬಿಗಿಯಾದಷ್ಟೂ ತನಿಖೆ ಸಡಿಲವಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಹಳ್ಳಿಗಳ ಹಿರಿಯರು ಅದನ್ನು ಇನ್ನೂ ಮರೆತಿಲ್ಲ. ಕಾಡುಗಳ್ಳ ವೀರಪ್ಪನ್‌ನ ತಂಡ 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಕೊಂದಿತು. ಆಮೇಲೆ ಅವನನ್ನು ಹಿಡಿಯಲು ಹೊರಟ ಪೊಲೀಸ್ ಕಾರ್ಯಪಡೆ ಕೈಗೆತ್ತಿಕೊಂಡದ್ದು ಟಾಡಾ ಎಂಬ ಭಯೋತ್ಪಾದನಾ ನಿಗ್ರಹ ಕಾಯ್ದೆಯನ್ನು. ಆ ಕಾಯ್ದೆಯಲ್ಲಿ ಎರಡು ಅಸ್ತ್ರಗಳಿದ್ದವು. ಜಾಮೀನು ಸಿಗುವುದು ಬಹುತೇಕ ಅಸಾಧ್ಯ ಎಂಬುದು ಒಂದು. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ ಎಂಬುದು ಮತ್ತೊಂದು. ತಪ್ಪೊಪ್ಪಿಗೆ ಸಾಕೆಂದಾದ ಮೇಲೆ ಕಾಡು ಅಲೆದು ಸುಳಿವು ಹುಡುಕುವವರು ಯಾರು? ಬೆಟ್ಟದಲ್ಲಿ ‘ವರ್ಕ್‌ಶಾಪ್’ ಎಂದು ಕರೆಸಿಕೊಂಡ ಜಾಗವೊಂದು ಹುಟ್ಟಿಕೊಂಡಿತು. ಅಲ್ಲಿಗೆ ಹೋಗಿಬಂದವರು ಚಿತ್ರಹಿಂಸೆಯ ಕಥೆಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. ಹಗಲು ಪೊಲೀಸರ ಭಯ, ರಾತ್ರಿ ವೀರಪ್ಪನ್ ಭಯ. ಅವನಿಗೆ ಅಕ್ಕಿ ಕೊಟ್ಟರೆ ಟಾಡಾ, ಕೊಡದಿದ್ದರೆ ಗುಂಡು.

ಹೀಗೆ ಹಿಡಿದು ತಂದ ನೂರಕ್ಕೂ ಹೆಚ್ಚು ಮಂದಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕೊಳೆತರು. ಅವರಲ್ಲಿ ಹೆಂಗಸರೂ ಇದ್ದರು. 1995ರಲ್ಲಿ ಟಾಡಾ ಕಾಯ್ದೆಯ ಅವಧಿಯೇ ಮುಗಿಯಿತು, ಆದರೆ ಆಗಲೇ ಹೂಡಿದ್ದ ಮೊಕದ್ದಮೆಗಳು ಮುಗಿಯಲಿಲ್ಲ. ವಿಶೇಷ ನ್ಯಾಯಾಲಯದ ತೀರ್ಪು ಬಂದದ್ದು 2001ರಲ್ಲಿ. ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು. ಅಷ್ಟರಲ್ಲಿ ಕೆಲವರ ಹೊಲ ಪಾಳುಬಿದ್ದಿತ್ತು, ಮಕ್ಕಳು ತಾಯ್ತಂದೆಯರಿಲ್ಲದೆ ಬೆಳೆದಿದ್ದರು. ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಮಂದಿಗೆ ಪರಿಹಾರ ಕೊಡಿಸಿತು. ವೀರಪ್ಪನ್ ಅಂತ್ಯವಾದದ್ದು 2004ರ ಅಕ್ಟೋಬರ್‌ನಲ್ಲಿ, ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ. ಅವನನ್ನು ಕಾಡಿನಿಂದ ಹೊರಗೆ ತಂದದ್ದು ಅವನ ಬಳಗದೊಳಕ್ಕೇ ಮನುಷ್ಯರನ್ನು ನುಗ್ಗಿಸಿ ತಿಂಗಳುಗಟ್ಟಲೆ ಕಾದ ಗೂಢಚಾರಿಕೆ. ಮೈಸೂರು ಜೈಲಿನಲ್ಲಿ ಕೂಡಿಟ್ಟ ಕೂಲಿಕಾರರಿಂದ ಆ ದಿನ ಒಂದು ಗಳಿಗೆಯೂ ಹತ್ತಿರ ಬರಲಿಲ್ಲ.

ಟಾಡಾ ಹೋಯಿತು, ತೀರ್ಪಿಗೆ ಮುಂಚೆಯೇ ಶಿಕ್ಷೆ ಅನುಭವಿಸುವುದು ಹೋಗಲಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನರಿದ್ದರು. ಅವರಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ನಾಲ್ವರಲ್ಲಿ ಮೂವರು. ನೂರು ಜನರ ಜಾಗದಲ್ಲಿ ಸರಾಸರಿ ನೂರ ಮೂವತ್ತೊಂದು ಜನ. ಜಾಮೀನು ಮಂಜೂರಾದ ಮೇಲೂ ಒಳಗೇ ಉಳಿದವರೂ ಇವರಲ್ಲಿದ್ದಾರೆ. ಭದ್ರತೆ ನೀಡುವವರು ಪಹಣಿ ತರಬೇಕು, ಜಮೀನಿನ ಬೆಲೆ ತೋರಿಸಬೇಕು. ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನಿಗೆ ಊರಲ್ಲೇ ಜಮೀನಿಲ್ಲದಿದ್ದರೆ ಇಲ್ಲಿ ಪಹಣಿ ಹಿಡಿದು ನಿಲ್ಲುವವರು ಯಾರು? ಬಿಹಾರದಲ್ಲಿ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕಳೆದವರನ್ನು ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿದ್ದು 1979ರಲ್ಲಿ. ಅಂದಿನಿಂದ ಸುಧಾರಣೆಗಳು ಬಂದಿವೆ. 2024ರ ಜುಲೈನಲ್ಲಿ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಎಂದೂ ಶಿಕ್ಷೆಗೊಳಗಾಗದ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ ಬಿಡುಗಡೆಗೆ ಅರ್ಹರು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಮೊಕದ್ದಮೆ ಇರುವವರಿಗೂ ಇದು ಅನ್ವಯಿಸುವುದಿಲ್ಲ. ಹೊಟ್ಟೆಪಾಡಿಗೆ ಎರಡು ಬೈಕ್ ಕದ್ದ ಹುಡುಗನ ಮೇಲೆ ಎರಡು ಎಫ್‌ಐಆರ್ ಇರುವುದು ಸಾಮಾನ್ಯ. ಕಾನೂನಿನ ಕರುಣೆ ಅಲ್ಲಿಗೇ ನಿಂತಿತು.

ಅಮೆರಿಕ ಈ ದಾರಿಯಲ್ಲಿ ನಮಗಿಂತ ದೂರ ಹೋಗಿ ಒಂದಿಷ್ಟು ಹಿಂದೆ ಸರಿಯಿತು. ಕ್ಯಾಲಿಫೋರ್ನಿಯಾ 1994ರಲ್ಲಿ, ಹಿಂದೆ ಎರಡು ಗಂಭೀರ ಅಪರಾಧ ಮಾಡಿದವರು ಮೂರನೆಯದಾಗಿ ‘ಫೆಲನಿ’ ವರ್ಗದ ಯಾವ ಅಪರಾಧ ಮಾಡಿದರೂ ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ ಎಂದು ಕಾನೂನು ತಂದಿತು. ಸುಮಾರು 150 ಡಾಲರ್ ಬೆಲೆಯ ವಿಡಿಯೊ ಟೇಪು ಕದ್ದವನೊಬ್ಬನಿಗೆ ಕನಿಷ್ಠ 50 ವರ್ಷದ ಸೆರೆ ಬಿತ್ತು, 2003ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷದ ನಂತರ, ಮೂರನೆಯ ಅಪರಾಧವೂ ಗಂಭೀರವಾಗಿರಬೇಕೆಂದು ಜನರೇ ಮತ ಹಾಕಿ ಬದಲಿಸಿದರು. 1990ರ ದಶಕದಲ್ಲಿ ಅಲ್ಲಿ ಅಪರಾಧ ಇಳಿದದ್ದು ನಿಜ. ಜೈಲು ತುಂಬಿಸದ ನೆರೆಯ ಕೆನಡಾದಲ್ಲೂ ಅದೇ ಕಾಲಕ್ಕೆ ಇಳಿಯಿತು.

ನೊಂದವರ ಗತಿಯೇನು ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ಮಗಳನ್ನು ಕಳೆದುಕೊಂಡ ತಾಯಿಗೆ ಅಂಕಿಅಂಶ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆಕೆಗೆ ಈಗ ಸಿಗುತ್ತಿರುವುದೇನು? ಮುಂದೂಡಿದ ದಿನಾಂಕ, ಪ್ರತಿ ಸಲ ಕೂಲಿ ಬಿಟ್ಟು ಹಿಡಿಯುವ ಬಸ್ಸು, ಕೋರ್ಟಿನ ಪಡಸಾಲೆಯಲ್ಲಿ ಆರೋಪಿಯ ಕಡೆಯವರ ದುರುಗುಟ್ಟುವ ನೋಟ. ಹತ್ತು ಲಕ್ಷ ಜನಕ್ಕೆ ಐವತ್ತು ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲಿ ಹೇಳಿತ್ತು. ಅದರ ಅರ್ಧವನ್ನೂ ನಾವು ಮುಟ್ಟಿಲ್ಲ. ತನಿಖೆಯನ್ನು ಬಂದೋಬಸ್ತಿನಿಂದ ಬೇರ್ಪಡಿಸಿ ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ನಿರ್ದೇಶಿಸಿದರೂ, ಕೊಲೆ ಪ್ರಕರಣದ ತನಿಖಾಧಿಕಾರಿಯನ್ನು ಮಂತ್ರಿಗಳ ಭೇಟಿಯ ಕಾವಲಿಗೆ ಕಳಿಸುವುದು ನಿಂತಿಲ್ಲ. ಮೂರು ವರ್ಷದೊಳಗೆ ಖಚಿತವಾಗಿ ಸಿಗುವ ಹತ್ತು ವರ್ಷದ ಶಿಕ್ಷೆ ಆ ತಾಯಿಗೆ ದೊಡ್ಡದು. ಹದಿನೈದು ವರ್ಷ ಎಳೆದು, ಸಾಕ್ಷಿಗಳು ತಿರುಗಿಬಿದ್ದು, ಖುಲಾಸೆಯಲ್ಲಿ ಮುಗಿಯುವ ಗಲ್ಲಿನ ಮೊಕದ್ದಮೆಯಿಂದ ಆಕೆಗೆ ಬರುವುದೇನೂ ಇಲ್ಲ.

ಶಿಕ್ಷೆಯಾದವರೂ ಒಂದು ದಿನ ಊರಿಗೆ ಮರಳುವವರೇ, ಕೆಲವರ ಹೊರತು. ಹೇಗೆ ಮರಳುತ್ತಾರೆ ಎಂಬುದು ನಮ್ಮೆಲ್ಲರ ಸುರಕ್ಷತೆಯ ಪ್ರಶ್ನೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ನಮ್ಮ ಜೈಲುಗಳೊಳಗೆ ನಾಟಕ ಕಲಿಸಿ, ಕೈದಿಗಳನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ಕೊಲೆ ಮಾಡಿ ಬಂದವರು ನೂರಾರು ಜನರೆದುರು ಮಾತಾಡಿ, ಪ್ರದರ್ಶನ ಮುಗಿಸಿ ಮತ್ತೆ ಸೆರೆಮನೆಗೆ ಹೋದರು. ರಾಜಸ್ಥಾನದ ಸಾಂಗಾನೇರ್‌ನಲ್ಲಿ 1960ರ ದಶಕದಿಂದ ಬಯಲು ಬಂದೀಖಾನೆ ನಡೆಯುತ್ತಿದೆ. ಕೈದಿಗಳು ಹೆಂಡತಿ ಮಕ್ಕಳೊಂದಿಗೆ ವಾಸ, ಹಗಲು ಹೊರಗೆ ದುಡಿದು ಸಂಜೆ ಹಾಜರಿಗೆ ವಾಪಸು. ಆ ರಾಜ್ಯದಲ್ಲಿ ಇಂಥವು ಹತ್ತಾರಿವೆ. ಕರ್ನಾಟಕದಲ್ಲಿರುವುದು ದೇವನಹಳ್ಳಿ ತಾಲೂಕಿನ ಕೋರಮಂಗಲದ ಒಂದೇ ಒಂದು. ಕಲಬುರಗಿ, ಬೆಳಗಾವಿ, ಶಿವಮೊಗ್ಗದಲ್ಲಿ ಕೇಂದ್ರ ಕಾರಾಗೃಹಗಳಿವೆ, ಅಲ್ಲಿ ಒಳ್ಳೆಯ ನಡತೆಯ ದೀರ್ಘಾವಧಿ ಕೈದಿಗಳೂ ಇದ್ದಾರೆ. ಇವುಗಳ ಪಕ್ಕದಲ್ಲಿ ಒಂದೊಂದು ಬಯಲು ಬಂದೀಖಾನೆ ತೆರೆಯಲು ಸಂಸತ್ತಿನ ಹೊಸ ಕಾನೂನು ಬೇಕಿಲ್ಲ. ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಮುಂದಿನ ಬಜೆಟ್ಟಿನಲ್ಲೇ ಶುರುಮಾಡಬಹುದು.