ಕ್ಯಾಂಪಸ್ ಗೇಟು ನಿಮಗೂ ತೆರೆದಿದೆ

ಡಿಗ್ರಿ ಮುಗಿದ ಮೇಲೆ ಮಾರ್ಕ್ಸ್‌ಕಾರ್ಡ್, ಸರ್ಟಿಫಿಕೇಟ್ ಅಂತ ಒಂದೆರಡು ಸಲ ಕ್ಯೂ ನಿಲ್ಲೋಕೆ ಹೋಗಿದ್ದು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಯೂನಿವರ್ಸಿಟಿ ಕಡೆ ತಲೆ ಹಾಕೋದಿಲ್ಲ. ಅಲ್ಲಿಂದ ಮುಂದೆ ನಾವು ಕೇಳೋ ಭಾಷಣ ಅಂದ್ರೆ ಆಫೀಸಿನ ಟೌನ್‌ಹಾಲು, ಟ್ರೇನಿಂಗು, ಕ್ವಾರ್ಟರ್ಲಿ ರಿವ್ಯೂ. ಕೆಲಸಕ್ಕೆ ಸಂಬಂಧವೇ ಇಲ್ಲದ ಒಂದು ವಿಷಯವನ್ನು, ಅದನ್ನೇ ಇಪ್ಪತ್ತು ವರ್ಷ ಓದಿದವರ ಬಾಯಲ್ಲಿ, ಒಂದು ಗಂಟೆ ಕೂತು ಕೇಳಿ ಎಷ್ಟು ದಿನ ಆಯ್ತು ಅಂತ ಲೆಕ್ಕ ಹಾಕಿ ನೋಡಿ.

ವಿಶ್ವವಿದ್ಯಾಲಯದ ಯಾವುದಾದರೂ ಸಾರ್ವಜನಿಕ ಉಪನ್ಯಾಸಕ್ಕೆ ಹೋದರೆ ಅಲ್ಲಿ ಕೂತಿರೋರನ್ನು ಒಮ್ಮೆ ಗಮನಿಸಿ. ಮುಂದಿನ ಎರಡು ಸಾಲಿನಲ್ಲಿ ನಿವೃತ್ತರು, ಕೈಯಲ್ಲಿ ನೋಟ್‌ಬುಕ್ಕು. ಹಿಂದಿನ ಸಾಲುಗಳಲ್ಲಿ ಅಟೆಂಡೆನ್ಸ್‌ಗೋಸ್ಕರ ಬಂದ ವಿದ್ಯಾರ್ಥಿಗಳು, ಕೈಯಲ್ಲಿ ಮೊಬೈಲು. ನಡುವಿನ ಕುರ್ಚಿಗಳು ಖಾಲಿ. ಅಲ್ಲಿ ಇರಬೇಕಾದವರು ಇಪ್ಪತ್ತೈದರಿಂದ ನಲವತ್ತರ ನಡುವಿನವರು, ಅಂದ್ರೆ ನಾವು. ನಮಗೆ ಟೈಮಿಲ್ಲ ಅನ್ನೋದು ನಿಜ. ಆದರೆ ಇಲ್ಲಿಗೆ ನಾವು ಹೋಗಬಹುದು ಅನ್ನೋದೇ ಎಷ್ಟೋ ಜನರಿಗೆ ಗೊತ್ತಿಲ್ಲ ಅನ್ನೋದೂ ಅಷ್ಟೇ ನಿಜ. ಈ ವಾರದ ಅಂಕಣ ಅದರ ಬಗ್ಗೆ.

ನಮಗೋಸ್ಕರವೇ ಶುರುವಾದದ್ದು

ಸಾಮಾನ್ಯ ಜನರಿಗೆ ಉಪನ್ಯಾಸ ಏರ್ಪಡಿಸುವುದು ನಮ್ಮ ವಿಶ್ವವಿದ್ಯಾಲಯಗಳು ಮೊನ್ನೆ ಮೊನ್ನೆ ಕಂಡುಹಿಡಿದ ವಿಷಯ ಅಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ‘ಪ್ರಸಾರಾಂಗ’ ಅಂತ ಒಂದು ವಿಭಾಗವಿದೆ. ಕ್ಲಾಸಿನೊಳಗಿನ ಜ್ಞಾನವನ್ನು ಕ್ಲಾಸಿನ ಹೊರಗಿನವರಿಗೆ ತಲುಪಿಸೋದು ಅದರ ಕೆಲಸ. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡ್ತಿದ್ದರು. ಇದಕ್ಕೆ ಪ್ರಚಾರೋಪನ್ಯಾಸ ಅಂತ ಹೆಸರು. ಹಾಗೆ ಮಾತಾಡಿದ್ದು ಕಡಿಮೆ ಬೆಲೆಯ ಕಿರುಪುಸ್ತಕವಾಗಿ ಬರ್ತಿತ್ತು. ಅಜ್ಜನ ಮನೆಯ ಅಟ್ಟದಲ್ಲಿ ಹುಡುಕಿದರೆ ಆ ತೆಳ್ಳನೆಯ ಪುಸ್ತಕ ಒಂದಾದರೂ ಸಿಕ್ಕೀತು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಹೊಸ ಕ್ಯಾಂಪಸ್ಸಿಗೆ ‘ಮಾನಸಗಂಗೋತ್ರಿ’ ಅಂತ ಹೆಸರಿಟ್ಟರು. ಹೆಸರೇ ಹೇಳೋ ಹಾಗೆ, ಅಲ್ಲಿ ಹುಟ್ಟಿದ್ದು ಹೊರಗೆ ಹರಿದು ಬರಬೇಕು ಅನ್ನೋದು ಆಸೆ.

ಇನ್ನೊಂದು, ‘ದತ್ತಿ ಉಪನ್ಯಾಸ’. ಆಹ್ವಾನಪತ್ರಿಕೆಯಲ್ಲಿ ಈ ಪದ ನೋಡಿ ಇದೇನೋ ಹಳೇ ಕಾಲದ ಕಾರ್ಯಕ್ರಮ ಅಂತ ಸ್ಕ್ರೋಲ್ ಮಾಡಿಬಿಡಬೇಡಿ. ಇದರ ಹಿಂದಿರೋದು ಸರಳ ಲೆಕ್ಕ. ಯಾರೋ ಒಬ್ಬರು ತಮ್ಮ ತಾಯಿಯ ಹೆಸರಿನಲ್ಲಿ, ಮೇಷ್ಟರ ಹೆಸರಿನಲ್ಲಿ ಒಂದು ಮೊತ್ತವನ್ನು ವಿಶ್ವವಿದ್ಯಾಲಯದಲ್ಲಿ ಇಡುತ್ತಾರೆ. ಅಸಲು ಮುಟ್ಟೋ ಹಾಗಿಲ್ಲ. ವರ್ಷ ವರ್ಷ ಬರೋ ಬಡ್ಡಿಯಲ್ಲಿ ಒಂದು ಉಪನ್ಯಾಸ ನಡೀಬೇಕು. ವಿಷಯವನ್ನೂ ಕೆಲವೊಮ್ಮೆ ಅವರೇ ಗೊತ್ತುಮಾಡಿರ್ತಾರೆ: ವಚನ ಸಾಹಿತ್ಯ, ಶಾಸನ, ಜಾನಪದ, ಮಹಿಳಾ ಅಧ್ಯಯನ. ಕೊಟ್ಟವರು ತೀರಿಹೋಗಿರ್ತಾರೆ, ಬಡ್ಡಿ ದರ ಇಳಿದಿರುತ್ತೆ, ಭಾಷಣಕಾರರಿಗೆ ಕೊಡೋ ಸಂಭಾವನೆ ಬಸ್ ಚಾರ್ಜಿಗೆ ಸಾಕಾದರೆ ಹೆಚ್ಚು. ಆದರೂ ಒಬ್ಬ ವಿದ್ವಾಂಸರು ತಿಂಗಳುಗಟ್ಟಲೆ ತಯಾರಾಗಿ ಬಂದು ಮಾತಾಡ್ತಾರೆ. ಕೇಳೋಕೆ ಬಂದವರು ಹದಿನೈದು ಜನ ಆದರೆ ಮುಂದಿನ ವರ್ಷ ಆ ದತ್ತಿಯನ್ನು ಯಾವುದೋ ಕ್ಲಾಸಿನ ಪೀರಿಯಡ್ಡಿಗೆ ತುರುಕಿ ಮುಗಿಸಿಬಿಡ್ತಾರೆ. ಲೆಕ್ಕಕ್ಕೆ ಆಯ್ತು ಅಂತ ಬರೆದುಕೊಂಡರೆ ಆಯ್ತಲ್ಲ.

ಮುಂದೆ ಏನೇನಿದೆ?

ಈ ಕಾರ್ಯಕ್ರಮಗಳಿಗೆ ಅವುಗಳದ್ದೇ ಒಂದು ಪಂಚಾಂಗ ಇದೆ. ಫೋನಿನ ಕ್ಯಾಲೆಂಡರಿನಲ್ಲಿ ಒಮ್ಮೆ ಹಾಕಿಕೊಂಡರೆ ವರ್ಷವೆಲ್ಲ ಉಪಯೋಗಕ್ಕೆ ಬರುತ್ತೆ.

ಬುಧವಾರದ ಸಂಜೆಯಿಂದ ಶುರು ಮಾಡೋಣ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ 1962ರಿಂದ ವಾರಕ್ಕೊಂದು ವಿಜ್ಞಾನ ಉಪನ್ಯಾಸ ನಡೆಸಿಕೊಂಡು ಬಂದಿದೆ. ಕಟ್ಟಿದವರು ಎಚ್. ನರಸಿಂಹಯ್ಯ. ಗೌರಿಬಿದನೂರು ಕಡೆಯ ಬಡ ಮನೆಯಿಂದ ಓದೋಕೆ ಅಂತ ಬೆಂಗಳೂರಿಗೆ ನಡೆದುಕೊಂಡೇ ಬಂದ ಹುಡುಗ, ಅಮೆರಿಕಕ್ಕೆ ಹೋಗಿ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ವಾಪಸ್ ಬಂದು, 70ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬದುಕಿದ್ದು ಮಾತ್ರ ಕಾಲೇಜು ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಅಂತ ಜೀವನಪೂರ್ತಿ ಹೇಳಿದವರು ಕಟ್ಟಿದ ವೇದಿಕೆ ಇದು, ಹಾಗಾಗಿ ಇಲ್ಲಿ ಪ್ರಶ್ನೆಗೆ ಮರ್ಯಾದೆ ಜಾಸ್ತಿ. ಜುಲೈ ತಿಂಗಳಲ್ಲಿ ವಿಜ್ಞಾನ ಉತ್ಸವವೇ ನಡೆಯುತ್ತೆ. ಮೆಟ್ರೋ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜ್ ಅಂತಲೇ ಸ್ಟೇಷನ್ ಇದೆ, ಟ್ರಾಫಿಕ್ಕಿನ ನೆಪ ಹೇಳೋ ಹಾಗಿಲ್ಲ.

ಭಾನುವಾರ ಬಿಡುವಿರೋರಿಗೆ ಇನ್ನೊಂದು ದಾರಿ. ಹೆಸರಘಟ್ಟದ ಹತ್ತಿರ ಇರೋ ಐಸಿಟಿಎಸ್ ಸಂಸ್ಥೆ ‘ಕಾಪಿ ವಿತ್ ಕ್ಯೂರಿಯಾಸಿಟಿ’ ಅನ್ನೋ ಸರಣಿಯಲ್ಲಿ ವಿಜ್ಞಾನಿಗಳನ್ನು ಊರೊಳಗಿನ ಜವಾಹರಲಾಲ್ ನೆಹರು ತಾರಾಲಯದಂಥ ಜಾಗಕ್ಕೆ ಕರೆತಂದು ಮಾತಾಡಿಸುತ್ತೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್, ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕೂಡ ಸಾರ್ವಜನಿಕ ಉಪನ್ಯಾಸಗಳನ್ನು ನಡೆಸುತ್ತವೆ.

ದಸರೆಗೆ ಮೈಸೂರಿಗೆ ಹೋಗೋರು ಕೆಲವು ದಿನ ಮುಂಚೆಯೇ ಹೋಗಿ ನೋಡಿ. ಹಬ್ಬದ ಗದ್ದಲ ಶುರುವಾಗೋ ಮೊದಲು ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ‘ಯುವ ಸಂಭ್ರಮ’ ನಡೆಯುತ್ತೆ. ಬೇರೆ ಬೇರೆ ಕಾಲೇಜುಗಳ ಹುಡುಗ ಹುಡುಗಿಯರು ವೇದಿಕೆ ಮೇಲೆ, ಕೆಳಗೆ ಅವರ ಸ್ನೇಹಿತರ ಶಿಳ್ಳೆ. ಯುವ ದಸರಾದ ಸ್ಟಾರ್‌ಗಳಿಗಿಂತ ಇದನ್ನೇ ಇಷ್ಟಪಡೋ ಮೈಸೂರಿನವರು ಬೇಕಾದಷ್ಟು ಜನ ಇದ್ದಾರೆ.

ಅಕ್ಟೋಬರ್ 2 ನಮಗೆ ರಜಾ. ಸಿ.ವಿ. ರಾಮನ್ ಅವರಿಗೆ ಅದು ಉಪನ್ಯಾಸದ ದಿನವಾಗಿತ್ತು. ಬೆಂಗಳೂರಿನ ತಮ್ಮ ಸಂಶೋಧನಾ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸವನ್ನು ಅವರೇ ಕೊಡ್ತಿದ್ದರು. 1970ರ ನವೆಂಬರಿನಲ್ಲಿ ತೀರಿಕೊಂಡರು. ಅದಕ್ಕೆ ಕೆಲವೇ ವಾರ ಮುಂಚೆ, ಎಂಬತ್ತೆರಡರ ಹತ್ತಿರದ ವಯಸ್ಸಿನಲ್ಲೂ ಆ ವರ್ಷದ ಉಪನ್ಯಾಸ ತಪ್ಪಿಸಲಿಲ್ಲ. ರಾಮನ್ ಸಂಶೋಧನಾ ಸಂಸ್ಥೆ ಆ ಉಪನ್ಯಾಸವನ್ನು ಅವರ ನಂತರವೂ ಮುಂದುವರಿಸಿದೆ.

ಮಕ್ಕಳಿರೋರು, ಊರಲ್ಲಿ ಜಮೀನಿರೋರು ತಪ್ಪಿಸಬಾರದ್ದು ಕೃಷಿ ಮೇಳ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್, ಬೆಂಗಳೂರಿನ ಜಿಕೆವಿಕೆಯಲ್ಲಿ ನವೆಂಬರ್. ಹಳ್ಳಿಯಿಂದ ಬಸ್ಸುಗಟ್ಟಲೆ ರೈತರು ಬರ್ತಾರೆ, ವಿಜ್ಞಾನಿಗಳನ್ನು ತಾಕು ತಾಕಿನ ಹತ್ತಿರ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ. ಈ ಮೇಳದ ಗಾಂಭೀರ್ಯ ಅರ್ಥ ಆಗಬೇಕಾದರೆ ರಾಗಿ ಮುದ್ದೆಯ ಒಂದು ಕತೆ ಸಾಕು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ವಿಜ್ಞಾನಿ, ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಹೆಚ್ಚು ಇಳುವರಿಯ ತಳಿಗಳನ್ನು ತಂದರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಅದಕ್ಕೆ ‘ಇಂಡಾಫ್’ ಅಂತ ಹೆಸರು. ಕ್ಯಾಂಪಸ್ಸಿನೊಳಗೆ ನಡೆದ ಒಂದು ಕೆಲಸ ನಮ್ಮ ತಟ್ಟೆಗೆ ಬಂದದ್ದು ಹೀಗೆ.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾಯ್ತು. ಅಲ್ಲಿ ಘಟಿಕೋತ್ಸವಕ್ಕೆ ‘ನುಡಿಹಬ್ಬ’ ಅಂತ ಹೆಸರು. ನಾಡೋಜ ಪದವಿ ಕೊಡೋದು ಅವತ್ತೇ. ಹಂಪಿ ಟ್ರಿಪ್ ಹಾಕೋರು ಆ ದಿನಾಂಕ ನೋಡಿಕೊಂಡು ಹೋದರೆ ವಿರೂಪಾಕ್ಷ, ವಿಠ್ಠಲನ ಜೊತೆಗೆ ಇದೂ ಸಿಗುತ್ತೆ.

ಇನ್ನು ಫೆಬ್ರುವರಿ. 28ನೇ ತಾರೀಕು ರಾಷ್ಟ್ರೀಯ ವಿಜ್ಞಾನ ದಿನ, 1928ರಲ್ಲಿ ರಾಮನ್ ಪರಿಣಾಮ ಕಂಡುಹಿಡಿದ ನೆನಪಿಗೆ. ಆ ಆಸುಪಾಸಿನ ಒಂದು ಶನಿವಾರ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆ ‘ಓಪನ್ ಡೇ’ ಮಾಡುತ್ತೆ. ಲ್ಯಾಬುಗಳ ಬಾಗಿಲು ತೆರೆದಿಟ್ಟು ಸಂಶೋಧನಾ ವಿದ್ಯಾರ್ಥಿಗಳೇ ನಿಂತು ವಿವರಿಸ್ತಾರೆ. ಪ್ರವೇಶ ಉಚಿತ, ಜನ ಜಾತ್ರೆ. ಎಲ್ಲ ವಿಭಾಗ ನೋಡ್ತೀನಿ ಅಂತ ಹೊರಟರೆ ಕಾಲು ನೋವು ಮಾತ್ರ ಉಳಿಯುತ್ತೆ. ಎರಡೋ ಮೂರೋ ವಿಭಾಗ ಆರಿಸಿಕೊಳ್ಳಿ, ಬೆಳಗ್ಗೆ ಬೇಗ ಹೋಗಿ, ಕಾರು ಮನೆಯಲ್ಲೇ ಬಿಡಿ.

ಆಹ್ವಾನಪತ್ರಿಕೆ ಓದೋ ವಿದ್ಯೆ

ಮೊದಲ ಸಲ ಹೋದವರು ಎರಡನೇ ಸಲ ಹೋಗದೆ ಇರೋಕೆ ಮುಖ್ಯ ಕಾರಣ ಉದ್ಘಾಟನಾ ಸಮಾರಂಭ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಇಷ್ಟರಲ್ಲಿ ಊಟದ ಹೊತ್ತು. ಎರಡು ದಿನದ ವಿಚಾರ ಸಂಕಿರಣ ಆದರೆ ಕಾರ್ಡನ್ನು ಕೆಳಗಿನಿಂದ ಓದಿ. ದಪ್ಪ ಅಕ್ಷರದಲ್ಲಿ ಮೇಲಿರೋದು ಅತಿಥಿಗಳ ಹೆಸರು. ನಿಜವಾದ ವಿಷಯ ಇರೋದು ‘ಗೋಷ್ಠಿ 1’, ‘ಗೋಷ್ಠಿ 2’ ಅಂತ ಸಣ್ಣ ಅಕ್ಷರದಲ್ಲಿ. ಚಹಾ ವಿರಾಮದ ನಂತರದ ಗೋಷ್ಠಿಗೆ ಹೋದರೂ ಯಾರೂ ಏನೂ ಅನ್ನೋದಿಲ್ಲ. ಒಂದೇ ಒಂದು ಉಪನ್ಯಾಸ ಆದರೆ ಮಾತ್ರ ಟೈಮಿಗೆ ಹೋಗಿ. ವಿಜ್ಞಾನ ಸಂಸ್ಥೆಗಳಲ್ಲಿ 4 ಗಂಟೆ ಅಂದ್ರೆ 4 ಗಂಟೆಯೇ.

ಸುದ್ದಿ ಸಿಗೋದು ಹೇಗೆ? ಪತ್ರಿಕೆಗಳ ‘ನಗರದಲ್ಲಿ ಇಂದು’ ಅಂಕಣ ಈಗಲೂ ಒಳ್ಳೆಯ ಮೂಲ. ಸಂಸ್ಥೆಗಳ ಜಾಲತಾಣದಲ್ಲಿ ಕಾರ್ಯಕ್ರಮಗಳ ಪುಟ ಇರುತ್ತೆ, ಇಮೇಲ್ ಪಟ್ಟಿಗೂ ಸೇರಬಹುದು. ಕನ್ನಡ, ಇತಿಹಾಸ, ಜಾನಪದ ವಿಭಾಗಗಳದ್ದು ಬಹುಮಟ್ಟಿಗೆ ವಾಟ್ಸ್ಆ್ಯಪ್ ಇಮೇಜು, ಅದೂ ಹಿಂದಿನ ರಾತ್ರಿ. ಒಮ್ಮೆ ಹೋದಾಗ ಸಂಚಾಲಕರ ಹತ್ತಿರ ನಂಬರು ಕೊಟ್ಟು ಬನ್ನಿ, ಖುಷಿಯಿಂದ ಗುಂಪಿಗೆ ಸೇರಿಸ್ತಾರೆ. ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದರೆ ಗಾಬರಿ ಬೇಡ. ಫೋನಿನಲ್ಲಿರೋ ಆಹ್ವಾನಪತ್ರಿಕೆ ತೋರಿಸಿ, ಐಡಿ ಒಂದು ಜೊತೆಗಿರಲಿ.

ಪಿಎಚ್‌ಡಿ ಮಾಡಬೇಕು ಅನ್ನೋ ಆಸೆ ಇನ್ನೂ ಒಳಗೆ ಉಳಿದಿರೋರಿಗೆ ಒಂದು ಮಾತು. ಯುಜಿಸಿಯ 2022ರ ನಿಯಮಗಳ ಪ್ರಕಾರ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಚ್ಚಿದ ಕೋಣೆಯ ವ್ಯವಹಾರ ಅಲ್ಲ. ಆಸಕ್ತ ಸಂಶೋಧಕರೂ ಕೂತು ಕೇಳಬಹುದು. ನಿಮ್ಮ ವಿಷಯದ ವಿಭಾಗಕ್ಕೆ ಒಂದು ಫೋನ್ ಮಾಡಿ, ಅನುಮತಿ ಕೇಳಿ ಹೋಗಿ. ಐದು ವರ್ಷದ ಕೆಲಸವನ್ನು ಒಬ್ಬರು ಒಂದು ಗಂಟೆಯಲ್ಲಿ ಹೇಗೆ ಸಮರ್ಥಿಸಿಕೊಳ್ತಾರೆ ಅಂತ ನೋಡಿದರೆ ನಿಮ್ಮ ಆಸೆ ಗಟ್ಟಿಯಾಗುತ್ತೋ ಕರಗುತ್ತೋ ಅಲ್ಲೇ ಗೊತ್ತಾಗುತ್ತೆ.

ಒಂದು ಪ್ರಶ್ನೆ ಕೇಳಿ

ಉಪನ್ಯಾಸ ಮುಗಿದ ಮೇಲೆ ‘ಪ್ರಶ್ನೆಗಳಿದ್ದರೆ ಕೇಳಬಹುದು’ ಅಂತಾರೆ. ಆಗ ಸಭೆಯಲ್ಲಿ ಒಂದು ಮೌನ. ನಂತರ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಪ್ರಶ್ನೆಯ ಬದಲು ತಮ್ಮದೇ ಒಂದು ಉಪನ್ಯಾಸ ಕೊಡ್ತಾರೆ. ಆ ಮೌನದಲ್ಲಿ ನೀವು ಕೈ ಎತ್ತಿ. ಬೇರೆ ಕ್ಷೇತ್ರದಲ್ಲಿ ಕೆಲಸ ಮಾಡೋರ ಪ್ರಶ್ನೆ ಬೇರೆ ಥರ ಇರುತ್ತೆ. ಶಾಸನದ ಉಪನ್ಯಾಸದಲ್ಲಿ ಡೇಟಾ ಕೆಲಸ ಮಾಡೋ ಹುಡುಗಿ ‘ಇವನ್ನೆಲ್ಲ ಒಂದೇ ಕಡೆ ಹುಡುಕೋ ಹಾಗೆ ಮಾಡಿದ್ದೀರಾ ಸರ್?’ ಅಂತ ಕೇಳಿದರೆ, ಅದರಿಂದ ಎರಡು ಕಡೆಯವರಿಗೂ ಒಂದು ಕೆಲಸ ಹುಟ್ಟಬಹುದು. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡ್ತಿರೋ ವಿದ್ಯಾರ್ಥಿಗೂ ಅದು ಮುಖ್ಯ. ಕೆಲಸಕ್ಕೆ ಹೋಗೋ ಒಬ್ಬರು ಲೀವ್ ಹಾಕಿ ತನ್ನ ವಿಭಾಗಕ್ಕೆ ಬಂದು ಕೇಳಿದ್ದನ್ನು ನೋಡಿದರೆ, ತಾನು ಓದ್ತಿರೋದಕ್ಕೆ ಹೊರಗೂ ಬೆಲೆ ಇದೆ ಅಂತ ಅವನಿಗೆ ಅನ್ನಿಸುತ್ತೆ. ಕನ್ನಡ ಎಂಎ, ಇತಿಹಾಸ ಎಂಎ ಓದೋ ಮಕ್ಕಳಿಗೆ ಮನೆಯವರೂ ನೆಂಟರೂ ದಿನಾ ಹೇಳೋದು ಇದರ ಉಲ್ಟಾ.

ಎಲ್ಲ ಉಪನ್ಯಾಸವೂ ಚೆನ್ನಾಗಿರುತ್ತೆ ಅಂತ ಗ್ಯಾರಂಟಿ ಏನೂ ಇಲ್ಲ. ಕೆಲವು ಬೋರು ಹೊಡೆಸುತ್ತವೆ, ಮೈಕು ಕೈ ಕೊಡುತ್ತೆ, ಪವರ್‌ಪಾಯಿಂಟು ತೆರೆಯೋದಿಲ್ಲ. ಐದರಲ್ಲಿ ಒಂದು ಚೆನ್ನಾಗಿದ್ದರೂ ನಷ್ಟವಿಲ್ಲ, ಟಿಕೆಟ್ಟಂತೂ ಇಲ್ಲವಲ್ಲ. ತಿಂಗಳಿಗೆ ಒಂದು ಅಂತ ಇಟ್ಟುಕೊಳ್ಳಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ವಾಪಸ್ ಬರುವಾಗ ದಾರಿಯಲ್ಲಿ ಕಾಫಿ ಕುಡಿಯುತ್ತಾ ಮಾತಾಡೋಕೆ ವಿಷಯ ಸಿಗುತ್ತೆ. ನಿಮ್ಮೂರಿನ ಕ್ಯಾಂಪಸ್ಸಿನಲ್ಲಿ ಮುಂದಿನ ತಿಂಗಳು ಯಾವುದಾದರೂ ಉಪನ್ಯಾಸ, ನಾಟಕ, ವಿಚಾರ ಸಂಕಿರಣ ಇದ್ದರೆ ಕೆಳಗೆ ಬರೆದು ತಿಳಿಸಿ. ಎಲ್ಲಿ, ಯಾವಾಗ, ಯಾವ ಭಾಷೆಯಲ್ಲಿ, ಹೊರಗಿನವರಿಗೆ ಪ್ರವೇಶ ಇದೆಯಾ ಅನ್ನೋ ನಾಲ್ಕು ವಿವರ ಇದ್ದರೆ ಸಾಕು. ಇಲ್ಲೇ ಓದಿ ಇನ್ಯಾರಾದರೂ ಹೊರಟಾರು.